ನಾಲ್ಕನೇ ಕುಳಿಯ ಸ್ಥಳ ಪರಿಶೀಲನೆ

ಚೆಂಡು ಕುಳಿಗೆ ಬೀಳುವವರೆಗೆ ಗಾಲ್ಫ್ ಆಟ ಮುಗಿದಂತಲ್ಲ ಎಂಬುದು ಜಗತ್ತು ಒಪ್ಪಿಕೊಂಡ ಸಂಗತಿ. ಆಟ ಮುಗಿಯುವವರೆಗೆ ಆಡುತ್ತಿರುವ ಅಧಿಕಾರಿ ಕರ್ತವ್ಯದ ಮೇಲಿರುತ್ತಾರೆ ಎಂಬುದು ಅಳತೆ ಮತ್ತು ತೂಕ ಇಲಾಖೆ ಒಪ್ಪಿಕೊಂಡ ಸಂಗತಿ. ಇವೆರಡೂ ತಮ್ಮ ಪಾಡಿಗೆ ತಾವು ಬೇರೆಬೇರೆ ಇದ್ದಾಗ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ.

ಬೆಟ್ಟದ ಮೇಲಿನ ಕಾಡಿನಲ್ಲಿ ಹೊಸದಾಗಿ ತೆರೆದ ಗಾಲ್ಫ್ ರೆಸಾರ್ಟಿನವರು ತಮ್ಮ ಮೈದಾನ ಇಷ್ಟು ಗಜ ಉದ್ದವಿದೆ ಎಂದು ಜಾಹೀರಾತು ಕೊಟ್ಟಿದ್ದರು. ಗಜ ಎಂದರೆ ಅಳತೆ. ಅಳತೆ ಎಂದರೆ ಇಲಾಖೆ. ಆ ಗಜಗಳೆಲ್ಲ ಪೂರ್ತಿ ಗಜಗಳೇ ಎಂದು ಖಾತ್ರಿ ಮಾಡಿಕೊಳ್ಳುವುದು ಸಾರ್ವಜನಿಕ ಹಿತದೃಷ್ಟಿಯಿಂದ ಅಗತ್ಯವಾಗಿತ್ತು. ಟೇಪು ಹಿಡಿದು ಅಳೆಯಬಹುದಿತ್ತು. ಆದರೆ ಗಾಲ್ಫ್ ಮೈದಾನವನ್ನು ಆಡಿಯೇ ಅಳೆಯಬೇಕು ಎಂದು ನಿರ್ದೇಶಕರು ಅಭಿಪ್ರಾಯಪಟ್ಟರು. ನಿರ್ದೇಶಕರ ಅಭಿಪ್ರಾಯಕ್ಕೆ ಇಲಾಖೆಯಲ್ಲಿ ನಿಯಮ ಎನ್ನುತ್ತಾರೆ.

ನಿರ್ದೇಶಕರ ಜೊತೆ ಅವರ ಶೀಘ್ರಲಿಪಿಗಾರನೂ ಬೆಟ್ಟ ಹತ್ತಿದ. ಅವನಿಗೆ ಆಟದಲ್ಲಿ ಆಸಕ್ತಿಯಿರಲಿಲ್ಲ. ಹೆಂಡತಿ ಮತ್ತು ಮಗಳು ದೂರದ ಊರಿನಲ್ಲಿದ್ದರು. ಹೆಂಡತಿ ಅಲ್ಲಿ ಶಾಲೆಯ ಟೀಚರ್. ಆ ಊರಿನ ಶಾಖಾ ಕಚೇರಿಗೆ ವರ್ಗ ಮಾಡಿಸಿಕೊಳ್ಳಲು ಅವನು ಅಲೆದಲೆದು ಚಪ್ಪಲಿ ಸವೆಸಿದ್ದ. ಎಲ್ಲವೂ ಆಗಿ, ನಿರ್ದೇಶಕರ ಸಹಿಯೊಂದೇ ಬಾಕಿಯಿತ್ತು.

"ಸಾರ್, ಹೊರಡೋ ಮುಂಚೆ ಒಂದು ಸಹಿ..." ಎಂದು ಅವನು ಕಾರಿನ ಬಾಗಿಲು ಹಿಡಿದುಕೊಂಡೇ ಕೇಳಿದ್ದ.

"ಬಂದ ತಕ್ಷಣ ಹಾಕ್ತೀನಿ ಕಣಯ್ಯಾ. ಒಂದು ಆಟ ಎಷ್ಟು ಹೊತ್ತು? ಮಧ್ಯಾಹ್ನದ ಊಟಕ್ಕೆ ವಾಪಸ್ಸು," ಎಂದಿದ್ದರು ನಿರ್ದೇಶಕರು. ಅವರು ಒಳ್ಳೆಯ ಮನುಷ್ಯರು, ಮಾತಿಗೆ ತಪ್ಪುವವರಲ್ಲ. ಇಂದಿಗೂ ತಪ್ಪಿಲ್ಲ, ಏಕೆಂದರೆ ಇನ್ನೂ ವಾಪಸ್ಸು ಬಂದಿಲ್ಲ.

ಮೈದಾನ ನೋಡಲು ಬಲು ಚಂದವಿತ್ತು. ದಟ್ಟ ಕಾಡಿನ ನಡುವೆ ಹಸಿರು ಹುಲ್ಲು ಇಳಿಜಾರಿನಲ್ಲಿ ಇಳಿದು, ತೊರೆ ದಾಟಿ, ಮತ್ತೆ ಏರಿ, ಮಂಜಿನೊಳಗೆ ಮರೆಯಾಗುತ್ತಿತ್ತು. ಒಟ್ಟು ಒಂಬತ್ತು ಕುಳಿಗಳಲ್ಲಿ ಮೊದಲ ಮೂರನ್ನು ನಿರ್ದೇಶಕರು ಯಶಸ್ವಿಯಾಗಿ ಅಳೆದರು. ನಾಲ್ಕನೆಯದರಲ್ಲಿ ಅವರು ಬೀಸಿದ ಏಟಿಗೆ ಚೆಂಡು ಬಲಕ್ಕೆ ವಾಲಿ, ಮರಕ್ಕೆ ಬಡಿದು, ಪೊದೆಯೊಳಗೆ ಹೋಯಿತು. ಹುಡುಕಿದಾಗ ಅಲ್ಲೊಂದು ಕಾಡುಕೋಳಿ ಕಾವಿಗೆ ಕೂತಿತ್ತು. ಅದರ ಹೊಟ್ಟೆಯಡಿ ಮೊಟ್ಟೆಗಳ ಜೊತೆ ಚೆಂಡೂ ಇತ್ತು. ಕೋಳಿ ಯಾವ ಭೇದಭಾವವನ್ನೂ ತೋರಿಸದೆ ಎಲ್ಲಕ್ಕೂ ಸಮನಾಗಿ ಕಾವು ಕೊಡುತ್ತಿತ್ತು.

ಶೀಘ್ರಲಿಪಿಗಾರ ಕೈ ಚಾಚಿದ. ಅಷ್ಟರಲ್ಲಿ ಕಾಡಿನ ಕಡೆಯಿಂದ ಅರಣ್ಯಾಧಿಕಾರಿ ಬಂದರು. ಖಾಕಿ ಸಮವಸ್ತ್ರದ, ಗಟ್ಟಿ ದನಿಯ ಹೆಂಗಸು.

"ಕೈ ತೆಗೀರಿ! ಗೂಡಿನಿಂದ ಮೊಟ್ಟೆ ತೆಗೆಯೋದು ಅಪರಾಧ."

"ಮೇಡಂ, ಅದು ಮೊಟ್ಟೆ ಅಲ್ಲ, ಚೆಂಡು."

"ಅದನ್ನ ತೀರ್ಮಾನ ಮಾಡೋಕೆ ನಾನೂ ನೀವೂ ಯಾರು? ಕೋಳಿ ಮೊಟ್ಟೆ ಅಂತಿದೆ. ಗೂಡಿನ ವಿಷಯದಲ್ಲಿ ತಾಯಿಯ ಮಾತೇ ಅಂತಿಮ."

ಟೈ ಕಟ್ಟಿದ್ದ ರೆಸಾರ್ಟಿನ ಮ್ಯಾನೇಜರ್ ಕೈ ಹೊಸೆಯುತ್ತ ಮುಂದೆ ಬಂದ. "ತೊಂದರೆಯಿಲ್ಲ ಸಾರ್. ಚೆಂಡು ಕಳೆದುಹೋಯ್ತು ಅಂತ ಒಂದು ಏಟು ದಂಡ ಹಾಕ್ಕೊಂಡು ಬೇರೆ ಚೆಂಡಲ್ಲಿ ಆಡಬಹುದು. ಆಟದ ನಿಯಮದಲ್ಲೇ ಇದೆ."

ದಂಡ ಎಂಬ ಪದ ಕೇಳಿ ನಿರ್ದೇಶಕರ ಮುಖ ಕಪ್ಪಿಟ್ಟಿತು. "ಇಷ್ಟು ವರ್ಷದ ಸರ್ವಿಸ್‌ನಲ್ಲಿ ನನ್ನ ಮೇಲೆ ಒಂದು ದಂಡ ಇಲ್ಲ. ಇನ್ನೇನು ನಿವೃತ್ತಿ ಹತ್ತಿರ ಇದೆ. ಒಂದು ಕೋಳಿಗೋಸ್ಕರ ನನ್ನ ಹೆಸರಿಗೆ ಮಸಿ ಬಳೀತೀಯಾ? ಮೊಟ್ಟೆ ಒಡೆಯಲಿ. ಕಾಯ್ತೀನಿ."

ಹೀಗೆ ಆಟವು ಮುಂದೂಡಲ್ಪಡಲಿಲ್ಲ, ಮುಂದುವರಿಯಿತು. ಮುಂದೂಡಿದ್ದರೆ ನಿರ್ದೇಶಕರ ದಿನಭತ್ಯೆ ನಿಲ್ಲುತ್ತಿತ್ತು.

ಶೀಘ್ರಲಿಪಿಗಾರ ಆ ಸಂಜೆ ಮನೆಗೆ ಫೋನ್ ಮಾಡಿದ.

"ಸಹಿ ಆಯ್ತಾ?" ಹೆಂಡತಿ ಕೇಳಿದಳು.

"ಇಲ್ಲ. ಕೋಳಿ ಎದ್ದ ಮೇಲೆ."

"ಯಾವ ಕೋಳಿ? ಕುಡಿದಿದ್ದೀರಾ?"

ಅವನು ಎಲ್ಲವನ್ನೂ ವಿವರಿಸಿದ. "ಕುಡಿದಿದ್ದರೇ ವಾಸಿ ಇತ್ತು," ಎಂದು ಅವಳು ಫೋನಿಟ್ಟಳು.

ಮರುದಿನ ಅವನು ವರ್ಗಾವಣೆ ಆದೇಶವನ್ನು ಮೈದಾನಕ್ಕೇ ತಂದ. ನಿರ್ದೇಶಕರು ವಿಷಾದದಿಂದ ತಲೆಯಾಡಿಸಿದರು. ಸ್ಥಳ ಪರಿಶೀಲನೆಯ ಕಾಲದಲ್ಲಿ ಅಧಿಕಾರಿಯು ಅಳತೆ ಮತ್ತು ತೂಕಕ್ಕೆ ಸಂಬಂಧಿಸಿದ ಕೆಲಸ ಮಾತ್ರ ಮಾಡಬಹುದು. ವರ್ಗಾವಣೆ ಆಡಳಿತದ ವಿಷಯ, ಕಚೇರಿಯಲ್ಲೇ ಆಗಬೇಕು. "ನೀನು ಯಾವುದಾದ್ರೂ ತಕ್ಕಡಿ ತಂದಿದ್ರೆ ಈಗಲೇ ಮುದ್ರೆ ಒತ್ತಿಬಿಡ್ತಿದ್ದೆ ನೋಡು," ಎಂದರು ಪ್ರೀತಿಯಿಂದ.

ಈ ಮಾತು ಹೇಗೋ ಕೆಳಗಿನ ಊರಿಗೆ ಮುಟ್ಟಿತು. ವಾರ ಕಳೆಯುವುದರೊಳಗೆ ವ್ಯಾಪಾರಿಗಳು ತಕ್ಕಡಿ ಹೊತ್ತು ಬೆಟ್ಟ ಹತ್ತತೊಡಗಿದರು. ಈರುಳ್ಳಿಯವನು, ಮೊಳೆ ಮಾರುವವನು, ಚಿನ್ನದಂಗಡಿಯವನು, ಎಲ್ಲರೂ ಮಂಜಿನೊಳಗೆ ತೂಕದ ಕಲ್ಲುಗಳನ್ನು ಕಟಕಟ ಅನ್ನಿಸುತ್ತ ನಾಲ್ಕನೇ ಕುಳಿಯವರೆಗೆ ಸಾಲಾಗಿ ನಿಂತರು. ಮ್ಯಾನೇಜರ್ ಒಂದು ಫಲಕ ಹಾಕಿಸಿದ:

"ಹುಲ್ಲಿನ ಮೇಲೆ ಗಾಲ್ಫ್ ಬೂಟಿಲ್ಲದೆ ಕಾಲಿಡುವಂತಿಲ್ಲ. ಬೂಟುಗಳು ಬಾಡಿಗೆಗೆ ದೊರೆಯುತ್ತವೆ. ಎಡಗಾಲಿನದು ಮತ್ತು ಬಲಗಾಲಿನದು ಪ್ರತ್ಯೇಕ."

ಊರಿನಲ್ಲಿ ಮುದ್ರೆಗೆ ತಿಂಗಳುಗಟ್ಟಲೆ ಅಲೆದಿದ್ದವರಿಗೆ ಇದು ಹೊರೆಯೆನಿಸಲಿಲ್ಲ. ಅರಣ್ಯಾಧಿಕಾರಿಗೂ ಗೂಡಿನ ಕಾವಲಿಗೆಂದು ಹೊಸ ಜೀಪು ಬಂತು. ಜೀಪು ಬರಲು ರಸ್ತೆ ಬೇಕಾಯಿತು. ರಸ್ತೆಗಾಗಿ ಕೆಲವು ಮರಗಳು ಹೋದವು. ಆ ಮರಗಳಲ್ಲಿದ್ದ ಗೂಡುಗಳ ಬಗ್ಗೆ ಮಾಹಿತಿ ಇಲ್ಲ. ಅಲ್ಲಿ ಚೆಂಡು ಬಿದ್ದಿರಲಿಲ್ಲ.

ಮೊಟ್ಟೆಗಳು ಸಕಾಲದಲ್ಲಿ ಒಡೆದವು. ಕಾಡುಕೋಳಿ ಮರಿಗಳನ್ನು ಕರೆದುಕೊಂಡು, ಚೆಂಡನ್ನು ಒಂದು ಸಲ ತಿರುಗಿ ನೋಡಿ, ಕಾಡಿಗೆ ಹೋಯಿತು. ಶೀಘ್ರಲಿಪಿಗಾರನ ಕಣ್ಣಲ್ಲಿ ನೀರು ಬಂತು. ಅವನು ಓಡಿ ಹೋಗಿ ವರದಿ ಮಾಡಿದ.

ಆಗ ನಿರ್ದೇಶಕರು, ಮ್ಯಾನೇಜರ್, ಅರಣ್ಯಾಧಿಕಾರಿ ಮೂವರೂ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಸುದ್ದಿ ಕೇಳಿ ಯಾರಿಗೂ ಸಂತೋಷವಾದಂತೆ ಕಾಣಲಿಲ್ಲ.

"ಒಂದು ಇನ್ನೂ ಒಡೆದಿಲ್ಲವಲ್ಲ," ಎಂದರು ಅರಣ್ಯಾಧಿಕಾರಿ.

"ಕೆಲವು ನಿಧಾನ," ಎಂದ ಮ್ಯಾನೇಜರ್.

"ಅವಸರ ಮಾಡಬಾರದು. ಜೀವದ ವಿಷಯ," ಎಂದರು ನಿರ್ದೇಶಕರು. ಅವರ ಮೈಬಣ್ಣ ಬಿಸಿಲಿಗೆ ಚೆನ್ನಾಗಿ ಕಂದಿತ್ತು, ಮಂಡಿನೋವೂ ವಾಸಿಯಾಗಿತ್ತು.

ಶೀಘ್ರಲಿಪಿಗಾರನ ಮಗಳು ಅಂದು ಫೋನಿನಲ್ಲಿ ಮಾತಾಡಲಿಲ್ಲ. "ಅವಳಿಗೆ ನಿಮ್ಮ ಮೇಲೆ ಕೋಪ," ಎಂದಳು ಹೆಂಡತಿ. "ನನಗೂ ಅಷ್ಟೆ. ನಾನು ರಜ ಹಾಕಿ ಬರ್ತಿದ್ದೀನಿ. ಆ ನಿಮ್ಮ ಸಾಹೇಬರನ್ನ ನಾನೇ ಕೇಳ್ತೀನಿ."

ಸಾಧು ಮನುಷ್ಯನಿಗೆ ಕೋಪ ಬಂದರೆ ಅವನು ಕೂಗಾಡುವುದಿಲ್ಲ. ಸೀದಾ ನಡೆದು ಹೋಗುತ್ತಾನೆ. ಎಲ್ಲರೂ ಊಟ ಮಾಡಿ ಮಲಗಿದ್ದಾಗ ಶೀಘ್ರಲಿಪಿಗಾರ ಪೊದೆಯೊಳಗೆ ನುಗ್ಗಿದ. ಚೆಂಡು ತಣ್ಣಗಿತ್ತು, ಅದಕ್ಕೊಂದು ಪುಕ್ಕ ಅಂಟಿತ್ತು. ಅದನ್ನು ಎತ್ತಿಕೊಂಡು, ಬಾಡಿಗೆ ಬೂಟುಗಳನ್ನೂ ಹಾಕಿಕೊಳ್ಳದೆ, ಬರಿಗಾಲಲ್ಲಿ ಹುಲ್ಲು ದಾಟಿ ಹೋಗಿ ಕುಳಿಯೊಳಗೆ ಹಾಕಿದ. ಟಕ್ ಎಂದು ಸದ್ದಾಯಿತು. ತನ್ನ ಜೀವಮಾನದಲ್ಲಿ ಅಷ್ಟು ಹಿತವಾದ ಸದ್ದನ್ನು ಅವನು ಕೇಳಿರಲಿಲ್ಲ. ನಂತರ ನಿರ್ದೇಶಕರ ಕೋಣೆಯ ಬಾಗಿಲು ಬಡಿದ.

"ಸಾರ್, ಚೆಂಡು ಕುಳಿಯಲ್ಲಿದೆ. ನಾನೇ ಹಾಕಿದೆ. ಏನು ಶಿಕ್ಷೆ ಬೇಕಾದ್ರೂ ಕೊಡಿ."

ನಿರ್ದೇಶಕರು ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು. ಬೈಯಲಿಲ್ಲ. ಹತ್ತಿರ ಕೂರಿಸಿಕೊಂಡರು.

"ನೋಡು, ನೀನು ಹಾಕಿದ್ದು ಅಂದ್ರೆ ಅದು ಮೋಸ. ನನಗೆ ದಂಡ, ನಿನಗೆ ಅಮಾನತು. ತಾನೇ ಬಿದ್ದಿದ್ದು ಅಂದ್ರೆ ದಾಖಲೆ. ನಿನ್ನ ಕೆಲಸ ಏನು?"

"ಹೇಳಿದ್ದು ಬರ್ಕೊಳ್ಳೋದು ಸಾರ್."

"ಬರ್ಕೋ. ದೀರ್ಘಕಾಲದ ಕಾವಿನಿಂದ ಚೈತನ್ಯ ಪಡೆದ ಸದರಿ ಚೆಂಡು, ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಕುಳಿಯನ್ನು ಪ್ರವೇಶಿಸಿತು."

ಅವನು ಬರೆದುಕೊಂಡ. ಅಕ್ಷರಗಳು ಚೆನ್ನಾಗಿಯೇ ಬಂದವು. ಅರಣ್ಯಾಧಿಕಾರಿ ಚೆಂಡು ಸುರಕ್ಷಿತವಾಗಿ ಗೂಡು ಬಿಟ್ಟಿದೆ ಎಂದು ಪ್ರಮಾಣಪತ್ರ ಕೊಟ್ಟರು. ಇದೇ ಬಗೆಯ ಚೆಂಡುಗಳು ಮಾರಾಟಕ್ಕಿವೆ ಎಂದು ಮ್ಯಾನೇಜರ್ ಇನ್ನೊಂದು ಫಲಕ ಬರೆಸಿದ.

"ಹಾಗಾದ್ರೆ ಸಾರ್... ಆಟ ಮುಗೀತಲ್ಲ. ಸಹಿ?"

"ನಾಲ್ಕು ಮುಗೀತು. ಇನ್ನೂ ಐದು ಕುಳಿ ಇದೆಯಲ್ಲಯ್ಯಾ."

ಮರುದಿನ ಐದನೇ ಕುಳಿಗೆ ಆಟ ಶುರುವಾಯಿತು. ಅಷ್ಟು ಜನ ಆ ಬೆಟ್ಟದ ಮೇಲೆ ಹಿಂದೆಂದೂ ಸೇರಿರಲಿಲ್ಲ. ಹುಲ್ಲಿನ ಎರಡೂ ಬದಿಗೆ ವ್ಯಾಪಾರಿಗಳು ತಕ್ಕಡಿ ಇಟ್ಟುಕೊಂಡು ಉಸಿರು ಬಿಗಿಹಿಡಿದು ಕೂತಿದ್ದರು. ಹೊಸ ರಸ್ತೆಯಲ್ಲಿ ಬಸ್ಸು ಬಂದು ನಿಂತಿತು. ಶೀಘ್ರಲಿಪಿಗಾರನ ಹೆಂಡತಿ ಮಗಳ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಸೂಟ್‌ಕೇಸು ಹಿಡಿದು ಇಳಿದಳು. ಅವಳ ಮುಖ ನೋಡಿದ ರೆಸಾರ್ಟಿನ ಕಾವಲುಗಾರ ಬೂಟಿನ ವಿಷಯ ಎತ್ತಲಿಲ್ಲ.

ನಿರ್ದೇಶಕರು ಕಾಡಿನ ಕಡೆಗೇ ಗುರಿಯಿಟ್ಟರು. ಇಡೀ ಸರ್ವಿಸ್‌ನಲ್ಲಿ ಅವರು ಅಷ್ಟು ಶ್ರದ್ಧೆಯಿಂದ ಏನನ್ನೂ ಮಾಡಿರಲಿಲ್ಲ. ಬೀಸಿದರು. ಆದರೆ ಕಾಯುತ್ತ ಕಳೆದ ದಿನಗಳಲ್ಲಿ ಸುಮ್ಮನೆ ಬೀಸಿ ಬೀಸಿ ಕೈ ಪಳಗಿಬಿಟ್ಟಿತ್ತು. ಚೆಂಡು ನೆಟ್ಟಗೆ, ಹುಲ್ಲಿನ ಮೇಲೆ, ಕುಳಿಯ ದಿಕ್ಕಿಗೇ ಹಾರಿತು. ಮ್ಯಾನೇಜರ್ ಕಣ್ಣು ಮುಚ್ಚಿಕೊಂಡ. ಅರಣ್ಯಾಧಿಕಾರಿ ತಮ್ಮ ಜೀಪನ್ನು ಒಮ್ಮೆ ನೋಡಿಕೊಂಡರು. ಚೆಂಡು ನೆಲಕ್ಕೆ ಬಡಿದು, ಪುಟಿದು, ಪಕ್ಕಕ್ಕೆ ಉರುಳಿ, ಈರುಳ್ಳಿಯವನ ತಕ್ಕಡಿಯ ತಟ್ಟೆಯೊಳಗೆ ಬಿತ್ತು. ತಟ್ಟೆ ಮೆಲ್ಲಗೆ ಕೆಳಗಿಳಿಯಿತು.

ಎಲ್ಲರೂ ನಿರ್ದೇಶಕರ ಕಡೆ ನೋಡಿದರು. ಅವರು ಹತ್ತಿರ ಹೋಗಿ, ಬಗ್ಗಿ ಪರಿಶೀಲಿಸಿ, ಕೇಳಿದರು: "ಇದಕ್ಕೆ ಮುದ್ರೆ ಆಗಿದೆಯಾ?"

"ಇಲ್ಲ ಸ್ವಾಮಿ. ನನ್ನ ಸರದಿ ನಾಳೆ."

"ಮುದ್ರೆಯಿಲ್ಲದ ತಕ್ಕಡಿಯಿಂದ ಸರಕು ಎತ್ತುವಂತಿಲ್ಲ," ಎಂದು ನಿರ್ದೇಶಕರು ಗಂಭೀರವಾಗಿ ಘೋಷಿಸಿದರು. "ತಟ್ಟೆಯಲ್ಲಿ ಸರಕಿರುವಾಗ ಮುದ್ರೆ ಒತ್ತುವಂತಿಲ್ಲ."

ಚಪ್ಪಾಳೆ ಕಾಡಿನಿಂದ ಕಾಡಿಗೆ ಮಾರ್ದನಿಸಿತು. ಈರುಳ್ಳಿಯವನು ಮಾತ್ರ ಗೊಣಗಿದ: "ನನ್ನ ಈರುಳ್ಳಿ ಕೊಳೆತು ಹೋಗುತ್ತಲ್ಲ?" ಅಷ್ಟನ್ನೂ ಅಡುಗೆಮನೆಗೆ ಕೊಳ್ಳುವುದಾಗಿ ಮ್ಯಾನೇಜರ್ ಹೇಳಿದ ಮೇಲೆ ಅವನೂ ಚಪ್ಪಾಳೆ ತಟ್ಟಿದ.

ಹೆಂಡತಿ ಜನರನ್ನು ಸರಿಸಿಕೊಂಡು ಗಂಡನ ಬಳಿ ಬಂದಳು. ಏನೋ ಹೇಳಲು ಬಾಯಿ ತೆರೆದವಳು ತಕ್ಕಡಿಯನ್ನು ನೋಡಿದಳು, ಚಪ್ಪಾಳೆ ತಟ್ಟುತ್ತಿದ್ದ ಅಷ್ಟೂ ಜನರನ್ನು ನೋಡಿದಳು, ಗಂಡನನ್ನು ನೋಡಿದಳು. ಅವನೂ ಮೆಲ್ಲಗೆ ತಟ್ಟುತ್ತಿದ್ದ. ಮಗಳು ಆಗಲೇ ಇಳಿಜಾರಿನಲ್ಲಿ ಉರುಳಾಡತೊಡಗಿದ್ದಳು.

ಮ್ಯಾನೇಜರ್ ಹತ್ತಿರ ಬಂದು ಬಾಗಿದ. "ಅಮ್ಮಾ, ಕುಟುಂಬ ಸಮೇತ ಇರೋರಿಗೆ ಬೇರೆ ಕೋಣೆ ಇದೆ. ಕಿಟಕಿ ಕಾಡಿನ ಕಡೆ ಇರಬೇಕೋ, ಹುಲ್ಲಿನ ಕಡೆ ಇರಬೇಕೋ?"

ಅವಳು ಸೂಟ್‌ಕೇಸನ್ನು ಕೆಳಗಿಟ್ಟು, ಕೈಯನ್ನು ಹಣೆಗೆ ಅಡ್ಡ ಹಿಡಿದು, ಬಿಸಿಲು ಎಲ್ಲಿ ಬೀಳುತ್ತಿದೆ ಎಂದು ನೋಡಿದಳು.

"ಹುಲ್ಲಿನ ಕಡೆ ಇರಲಿ," ಎಂದಳು. "ಬಟ್ಟೆ ಬೇಗ ಒಣಗುತ್ತೆ."