ಡಯಾನಾ ದೇವಿಗೆ ಇಳಕಲ್ ಸೀರೆ

ಊರಿನಿಂದ ಬರಲಿರುವ ಅತ್ತೆಯವರ ಕಣ್ಣಿಗೆ ನಮ್ಮ ಮನೆಯಲ್ಲಿ ಮುಜುಗರದ್ದು ಒಂದೂ ಬೀಳಬಾರದು! ಬೊಬ್ಲಿಂಗೆನ್ನಿನ ಬಾಡಿಗೆ ಮನೆಯ ಹಾಲ್‌ನಲ್ಲಿ ನಿಂತು ನಾನು ಹೀಗೊಂದು ಘೋರ ಪ್ರತಿಜ್ಞೆ ಮಾಡಿದೆ. ಕಂಪ್ಯೂಟರಿನವರಿಗೆಂದು ಅಲ್ಲಿನ ಸರ್ಕಾರ ಕೊಟ್ಟ ಗ್ರೀನ್ ಕಾರ್ಡ್ ಹಿಡಿದು, ಕಾರಿನ ಬ್ರೇಕುಗಳಿಗೆ ಪ್ರೋಗ್ರಾಂ ಬರೆಯಲು ಜರ್ಮನಿಗೆ ಬಂದವನು ನಾನು. ಓಡುವ ಕಾರನ್ನೇ ನಿಲ್ಲಿಸುವವನಿಗೆ ಗೋಡೆಯ ಮೇಲೆ ನಿಂತ ಚಿತ್ರ ಯಾವ ಲೆಕ್ಕ?

ಚಿತ್ರವೇನೂ ಸಣ್ಣದಲ್ಲ. ರೋಮನ್ನರ ಬೇಟೆಯ ದೇವತೆ ಡಯಾನಾ, ಆಳೆತ್ತರ! ಹತ್ತೊಂಬತ್ತನೇ ಶತಮಾನದ ಯಾವನೋ ಕಲಾವಿದ, ಆಕೆ ಸ್ನಾನಕ್ಕೆ ಹೊರಟ ಹೊತ್ತನ್ನೇ ಕಾದು ಬರೆದಿದ್ದಾನೆ. ಕೈಯಲ್ಲಿ ಬಿಲ್ಲಿದೆ, ಮೈಮೇಲೆ ಏನೂ ಇಲ್ಲ! ಕೆಳಗಿನ ಮಹಡಿಯ ಮನೆಯೊಡತಿ ಫ್ರಾವ್ ಬೌವರ್ ಹಾಕಿದ್ದ ಷರತ್ತು ಒಂದೇ: ಅಜ್ಜನ ಕಾಲದ ಚಿತ್ರ, ಗೋಡೆಯಿಂದ ಇಳಿಸಕೂಡದು.

ಇಳಿಸಕೂಡದು ತಾನೇ? ಉಡಿಸಬಹುದಲ್ಲ! ಕಪಾಟಿನಲ್ಲಿ ಕೈಗೆ ಸಿಕ್ಕ ಸೀರೆ ಎಳೆದು, ಕೊರಳಿನಿಂದ ಪಾದದವರೆಗೆ ಮುಚ್ಚಿ ಚೌಕಟ್ಟಿಗೆ ಸಿಕ್ಕಿಸಿದೆ.

ಹೆಂಡತಿ ಪವಿ ನೋಡಿದವಳೇ ಚೀರಿದಳು. "ನನ್ನ ಮದುವಿ ಇಳಕಲ್ ಸೀರಿ! ಅವ್ವ ಕೊಟ್ಟದ್ದರೀ!"

"ಸುಮ್ನಿರ. ಅವರು ಹೋದಮ್ಯಾಲೆ ಬಿಚ್ಚಿ ಕೊಡ್ತೇನಿ."

ಅತ್ತೆ ಬಸವ್ವನವರು ಬಾಗಿಲಲ್ಲೇ ಬ್ಯಾಗ್ ಬಿಟ್ಟು ಕೈಮುಗಿದರು. "ನಾ ಕೊಟ್ಟ ಸೀರಿ ದೇವಿಗೆ ಉಡಿಸ್ಯಾರ ನನ್ನ ಅಳಿಯಾರು!" ಅಂದಿನಿಂದ ದಿನಾ ಊದಿನಕಡ್ಡಿ, ಆರತಿ. ನಾನೂ ಪಕ್ಕದಲ್ಲಿ ನಿಂತು ಗಂಟೆ ಬಾರಿಸಿದೆ. ಪವಿ ಮಾತ್ರ ದೇವಿಯನ್ನು ಬಿಟ್ಟು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಹೊರಡುವ ದಿನ ಅತ್ತೆ ಚಿತ್ರದ ಮುಂದೆ ನಿಂತರು. "ದೇವಿಗೆ ಉಡಿಸಿದ್ದು ತಿರುಗಿ ನಾವು ಉಡಬಾರದು. ಮುತ್ತೈದಿಗೆ ಉಡಿ ತುಂಬಬೇಕು. ಕೆಳಗಿನಾಕಿಗೆ ಗಂಡ ಅದಾನಿಲ್ಲ? ಸಾಕು!"

ನಾನು ಬೇಡ ಎನ್ನುವಷ್ಟರಲ್ಲಿ ಅತ್ತೆ ಎಳೆದೇ ಬಿಟ್ಟರು, ಸೀರೆ ಸರ್ರನೆ ಜಾರಿತು. ಬ್ರೇಕ್ ಫೇಲ್! ಕಣ್ಣು ಮುಚ್ಚಿಕೊಂಡೆ.

"ಅಯ್ಯ ಶಿವನ! ಜಳಕಕ್ಕ ಹೊಂಟಾಕೀನ್ನ ಇಷ್ಟ ದಿನ ತಡದು ನಿಂದ್ರಿಸೀರಲ್ರೀ, ಅಳಿಯಾರ!"

ಅಕ್ಕಿ, ತೆಂಗಿನಕಾಯಿಯ ಜೊತೆ ಇಳಕಲ್ ಸೀರೆ ಫ್ರಾವ್ ಬೌವರ್ ಮಡಿಲು ಸೇರಿತು. ದಿನಾ ಆರತಿ ಎತ್ತಿದ ಕಥೆ ಕೇಳಿ ಆಕೆ ಸಂತೋಷಕ್ಕೆ ಅತ್ತರು. ಪವಿಯೂ ಅತ್ತಳು, ಸಂತೋಷಕ್ಕಲ್ಲ.

ಅತ್ತೆಯನ್ನು ಏರ್‌ಪೋರ್ಟಿಗೆ ಬಿಟ್ಟು ಬಂದರೆ, ಬೌವರ್ ದಂಪತಿ ಏದುಸಿರು ಬಿಡುತ್ತಾ ಇನ್ನೊಂದು ಭಾರೀ ಚಿತ್ರವನ್ನು ನಮ್ಮ ಹಾಲ್‌ಗೆ ಹೊತ್ತು ತಂದಿದ್ದರು.

"ಚಿತ್ರಕ್ಕೆ ಆರತಿ ಎತ್ತುವ ಬಾಡಿಗೆದಾರರು ನನಗೆ ಸಿಕ್ಕಿದ್ದು ಇದೇ ಮೊದಲು. ಇದೂ ನಿಮ್ಮ ಗೋಡೆಗೇ ಇರಲಿ!" ಎಂದರು ಫ್ರಾವ್ ಬೌವರ್.

ಹೊದಿಕೆ ಸರಿಯಿತು. ಕೈಕೈ ಹಿಡಿದು ಕುಣಿಯುವ ಮೂವರು ದೇವಿಯರು! ಮೂವರ ಮೈಮೇಲಿನದ್ದೂ ಸೇರಿಸಿದರೆ ಒಂದು ಕರವಸ್ತ್ರವಾಗದು!

ಪವಿ ಕಪಾಟಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಮುಂದಿನ ತಿಂಗಳ ನಿಮ್ಮ ಅಪ್ಪಾರು ಬರಾವ್ರು. ನಿಮ್ಮ ಲುಂಗಿ ಮೂರ ಅದಾವಲ್ರೀ? ಉಡಸ್ರಿ!"