ಕೌಂಟರಿನ ಕೆಳಗಿನ ಮೋಡ

ಸರಿಯಾಗಿ ನಡೆಯುತ್ತಿರುವ ವಸ್ತುವಿನ ಮೇಲೆ ಕೈಯಾಡಿಸುವ ಚಪಲ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನಾನು ಆ ಪೈಕಿ. ಮನೆಯ ಗೋಡೆ ಗಡಿಯಾರ ತುಸು ಮುಂದೆ ಓಡುತ್ತಿದೆಯೆಂದು ಬಿಚ್ಚಿ ಅದನ್ನು ಕಾಯಮ್ಮಾಗಿ ನಿಲ್ಲಿಸಿದವನು ನಾನೇ. ಮಿಕ್ಸರಿನ ಸದ್ದು ಜಾಸ್ತಿಯಾಯಿತೆಂದು ರಿಪೇರಿಗೆ ಇಳಿದು ಸದ್ದನ್ನು ಪೂರಾ ಅಡಗಿಸಿದವನೂ ನಾನೇ. ನನ್ನ ಹೆಂಡತಿ ಸವಿತಾ ಇವನ್ನೆಲ್ಲ ನೆಂಟರ ಎದುರಿಗೆ, ನನಗೆ ಚಹಾ ಕೊಡುತ್ತಲೇ, ಬಹಳ ಪ್ರೀತಿಯಿಂದ ಹೇಳುತ್ತಾಳೆ. ಹಾಗಾಗಿ ಈ ಸಲದ ವಿಷಯವನ್ನು ಅವಳು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ಶಿರಸಿ ಪೇಟೆಯಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಮದುವೆ, ಉಪನಯನ, ಗೃಹಪ್ರವೇಶದ ಕರೆಯೋಲೆಗಳು ನನ್ನ ಮುಖ್ಯ ಕಸುಬು. ಸಿದ್ದಾಪುರ, ಯಲ್ಲಾಪುರದ ಕಡೆಯಿಂದಲೂ ಜನ ಬರುತ್ತಾರೆ. ಬಂದವರು ಹೊಸ ನಮೂನೆ ನೋಡುವ ಗೋಜಿಗೇ ಹೋಗುವುದಿಲ್ಲ. "ಹಿಂದಿನ ಸಲ ದೊಡ್ಡ ಮಗಳ ಮದ್ವೆಗೆ ಮಾಡಿದ್ಯಲಾ, ಅದೇ ಅಡ್ಡಿಲ್ಲೆ, ಹೆಸ್ರು ಬದ್ಲಿಸಿದ್ರೆ ಆತು" ಎನ್ನುತ್ತಾರೆ. ಆದ್ದರಿಂದ ಹಳೆಯದೆಲ್ಲ ನನ್ನ ಬಳಿ ಸದಾ ಇರಬೇಕು. ಊರವರ ಸಂಸಾರದ ವಿವರವನ್ನೆಲ್ಲ ಯಾವುದೋ ದೇಶದ ಯಾವುದೋ ಕಂಪನಿಯ ಯಂತ್ರದಲ್ಲಿ ಇಡುವುದು ನನಗೆ ಸರಿಬರಲಿಲ್ಲ. ಒಂದು ಹಳೆಯ ಕಂಪ್ಯೂಟರನ್ನು ಕೌಂಟರಿನ ಕೆಳಗೆ ಕೂರಿಸಿ, ಅದರಲ್ಲಿ ಪುಕ್ಕಟೆ ಸಿಗುವ ಕ್ಲೌಡ್ ತಂತ್ರಾಂಶ ಹಾಕಿ, ನನ್ನದೇ ಸ್ವಂತ ಮೋಡ ಮಾಡಿಕೊಂಡೆ. ಮನೆಯಿಂದಲೂ ಅಂಗಡಿಯಿಂದಲೂ ಫೈಲು ತೆಗೆಯಬಹುದು. ಗಿರಾಕಿಗಳಿಗೆ ಬಗ್ಗಿ ನೋಡಿ ಎಂದು ತೋರಿಸುತ್ತಿದ್ದೆ. ಅವರು ಬಗ್ಗಿ ನೋಡಿ, ಅಲ್ಲಿ ಬಹಳ ಧೂಳಿದೆ ಎನ್ನುತ್ತಿದ್ದರು.

ಈ ಮೋಡ ವರ್ಷಗಟ್ಟಲೆ ತಕರಾರಿಲ್ಲದೆ ನಡೆಯಿತು. ಒಂದು ದಿನ ಪರದೆಯ ಮೇಲೆ, ನಿಮ್ಮ ಆವೃತ್ತಿ ಬಹಳ ಹಳೆಯದಾಯಿತು, ಇನ್ನು ಇದಕ್ಕೆ ರಕ್ಷಣೆಯಿಲ್ಲ ಎಂಬ ಕೆಂಪು ಸಾಲು ಬಂತು. ತಾನಾಗಿಯೇ ಹೊಸದಾಗುವ ಗುಂಡಿಯೊಂದಿತ್ತು. ಒತ್ತಿದರೆ ಅದು ತುಸು ಹೊತ್ತು ತಿರುಗಿ, ತನ್ನಿಂದಾಗದು, ಕೈಯಾರೆ ಮಾಡಿಕೊಳ್ಳಿ ಎಂದಿತು. ಕೈಯಾರೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಎಲ್ಲಿಲ್ಲದ ಹುರುಪು. ಕುಳಿತು ವಿಧಾನವನ್ನು ಓದಿದೆ. ಹಳೆಯ ಫೋಲ್ಡರನ್ನು ಪಕ್ಕಕ್ಕೆ ಸರಿಸಬೇಕು, ಹೊಸದನ್ನು ಬಿಚ್ಚಿ ಇಡಬೇಕು, ಹಳೆಯದರ ಸೆಟ್ಟಿಂಗುಗಳನ್ನು ತಂದು ಹೊಸದರೊಳಗೆ ಹಾಕಬೇಕು, ಕೊನೆಗೊಂದು ಆಜ್ಞೆ ಕೊಡಬೇಕು. ಅಷ್ಟೇ ಅಲ್ಲ, ನಡುವಿನ ಆವೃತ್ತಿಗಳನ್ನು ಹಾರುವಂತಿಲ್ಲ. ಪ್ರತಿಯೊಂದರಲ್ಲೂ ಇಳಿದು, ಮತ್ತೆ ಹತ್ತಿ, ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಲೋಕಲ್ ಬಸ್ಸಿನ ಹಾಗೆ ಹೋಗಬೇಕು. ಎಲ್ಲಕ್ಕಿಂತ ಮೊದಲು ಇರುವುದೆಲ್ಲದರ ಇನ್ನೊಂದು ಪ್ರತಿ, ಅಂದರೆ ಬ್ಯಾಕಪ್, ತೆಗೆದುಕೊಳ್ಳಿ ಎಂದು ದಪ್ಪ ಅಕ್ಷರದಲ್ಲಿತ್ತು. ಹೋದ ವಾರವಷ್ಟೇ ತೆಗೆದಿದ್ದೇನಲ್ಲ ಎಂದುಕೊಂಡು ನಾನು ಮುಂದಿನ ಸಾಲಿಗೆ ಹೋದೆ.

ಇಲ್ಲಿ ಗಣಪತಿ ಹೆಗಡೆಯವರ ವಿಷಯ ಹೇಳಬೇಕು. ಅವರು ಹುಲಗೋಳದ ಕಡೆಯವರು, ನನ್ನ ಅಪ್ಪನ ಕಾಲದ ಗಿರಾಕಿ. ಮಾತು ಕಡಿಮೆ, ಆಡಿದ್ದು ಗಟ್ಟಿ. ಕಿರಿಯ ಮಗಳ ಮದುವೆ ಸಿದ್ದಾಪುರದ ಹುಡುಗನ ಜೊತೆ ಗೊತ್ತಾಗಿತ್ತು. ಕರೆಯೋಲೆ ಸಿದ್ಧಪಡಿಸಿ, ಅವರಿಗೆ ತೋರಿಸಿ, ಒಪ್ಪಿಗೆಯನ್ನೂ ಪಡೆದಿದ್ದೆ. ಕೆಳಗೆ ಸುಖಾಗಮನ ಬಯಸುವವರಲ್ಲಿ ಮೊದಲ ಹೆಸರೇ ಯಲ್ಲಾಪುರದಲ್ಲಿ ಅಂಗಡಿ ಇಟ್ಟಿರುವ ಅವರ ತಮ್ಮ ಸುಬ್ರಾಯನದು. ಹತ್ತು ಹನ್ನೆರಡು ದಿನ ಬಿಟ್ಟು ಹೆಗಡೆಯವರು ಒಬ್ಬರೇ ಬಂದರು.

"ಸುಬ್ರಾಯನ ಹೆಸ್ರು ತೆಗೆದುಬಿಡು" ಎಂದರು. "ಅಡಿಗೆಯವ್ರ ಗೊತ್ತು ಮಾಡಕಾದ್ರೆ ತನ್ನ ಒಂದು ಮಾತು ಕೇಳಿದ್ನಿಲ್ಲೆ ಹೇಳಿ ಅಂವಂಗೆ ಸಿಟ್ಟಡ. ಮದ್ವೆಗೆ ಬತ್ನಿಲ್ಲೆ ಅಂದ. ಬರದೇ ಇದ್ದವನ ಹೆಸ್ರು ಎಂತಕ್ಕೆ?"

"ಹೆಗಡೇರೇ, ಎರಡು ದಿನ ಬಿಟ್ಟು ನೋಡನ" ಎಂದೆ.

"ಬ್ಯಾಡ. ತೆಗಿ."

ತೆಗೆದೆ. ಅಣ್ಣತಮ್ಮ ಒಂದೇ ಬಟ್ಟಲಲ್ಲಿ ತಿಂದು ಬೆಳೆದವರು. ಒಬ್ಬ ಅಡಿಗೆಯವನ ಸಲುವಾಗಿ ಹೀಗಾಯಿತಲ್ಲ ಎಂದು ನನಗೆ ನಿಜಕ್ಕೂ ಬೇಸರವಾಯಿತು. ಆದರೆ ಕರೆಯೋಲೆ ಅಚ್ಚು ಮಾಡುವವನು ಗಿರಾಕಿಯ ಮನೆಜಗಳದಲ್ಲಿ ತಲೆಹಾಕಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ.

ಮಾರನೆಯ ದಿನವೇ ಮೋಡಕ್ಕೆ ಕೈ ಹಾಕಿದೆ. ಮೊದಲ ಸ್ಟಾಪು ಸಲೀಸಾಗಿ ದಾಟಿತು. ಕೆಲಸ ನಡೆಯುವಾಗ ಯಾರೂ ಫೈಲು ಮುಟ್ಟದಂತೆ ಅದು ಬಾಗಿಲು ಹಾಕಿಕೊಂಡು, ನಿರ್ವಹಣೆ ನಡೆಯುತ್ತಿದೆ ಎಂಬ ಹಲಗೆ ತಗುಲಿಸಿಕೊಳ್ಳುತ್ತದೆ. ಮನೆಯಲ್ಲಿ ಮೋಡದೊಳಗಿನ ತನ್ನ ಫೋಟೊ ನೋಡಲು ಹೋದ ಸವಿತಾ ಈ ಹಲಗೆ ಕಂಡು ಫೋನು ಮಾಡಿದಳು. "ಎಂತದು, ನಿಮ್ಮ ಪೆಟ್ಟಿಗೆಗೂ ಸೂತಕ ಬಂತಾ? ಎಷ್ಟು ದಿನದ್ದು, ಮೂರಾ, ಹತ್ತಾ?" ಎಂದು ಕೇಳಿದಳು. ಅಂಗಡಿಯಲ್ಲಿ ಅನಾನಸ್ ಜಾಮಿನ ಲೇಬಲ್ಲಿಗೆಂದು ಬನವಾಸಿಯಿಂದ ಬಂದ ವ್ಯಾಪಾರಸ್ಥರೊಬ್ಬರು ಬೆಂಚಿನ ಮೇಲೆ ಕೂತಿದ್ದರು. ಕಾದು ಕಾದು ಸಾಕಾಗಿ, "ಏನ್ರೀ, ಮಳಿ ಮೋಡಾನೂ ಇಷ್ಟು ಕಾಯ್ಸಂಗಿಲ್ರಿ. ಸಂಜಿ ಮುಂದ ಬರ್ತೀನಿ, ಅಷ್ಟ್ರಾಗ ನಿಮ್ಮ ಮೋಡ ಇಳಸ್ರಿ" ಎಂದು ಎದ್ದು ಹೋದರು.

ಎರಡನೆಯ ಸ್ಟಾಪಿನಲ್ಲಿ ಬಸ್ಸು ಕೆಟ್ಟಿತು. ಅರ್ಧಕ್ಕೆ ಬಂದ ಆಜ್ಞೆ ಅಲ್ಲೇ ನಿಂತು, ಪರದೆಯ ತುಂಬ ನನಗೆ ತಿಳಿಯದ ದೋಷಗಳ ಸಾಲು ಸುರಿಯಿತು. ಮುಂದಕ್ಕೆ ಹೋಗದು, ಹಿಂದಕ್ಕೂ ಬಾರದು. ಊರಿನ ಮದುವೆಗಳೆಲ್ಲ ಆ ಡಬ್ಬಿಯೊಳಗಿದ್ದವು. ಹುಷಾರಾಗಿ ಎಲ್ಲವನ್ನೂ ಅಳಿಸಿ, ಹೋದ ವಾರದ ಬ್ಯಾಕಪ್ಪನ್ನು ಮರಳಿ ಕೂರಿಸಿ, ಮೊದಲಿನಿಂದ ಶುರುಮಾಡಿದೆ. ಈ ಸಲ ಪ್ರತಿ ಸಾಲನ್ನೂ ಎರಡೆರಡು ಬಾರಿ ಓದಿದೆ. ಸಂಜೆಯ ಹೊತ್ತಿಗೆ ಕೊನೆಯ ಸ್ಟಾಪು ಮುಟ್ಟಿ, ಹಲಗೆ ತೆಗೆದು, ಬಾಗಿಲು ತೆರೆದಾಗ ಆದ ಸಂತೋಷ ಸಾಮಾನ್ಯದ್ದಲ್ಲ. ಹೋದ ವಾರದಿಂದೀಚೆಗಿನ ಕೆಲಸ ಹೋಯಿತು, ಹೋಗಲಿ, ನೆನಪಿದ್ದದ್ದನ್ನು ಮತ್ತೆ ಮಾಡಿಕೊಂಡೆ. ಹೆಗಡೆಯವರ ಕರೆಯೋಲೆ ಮಾತ್ರ ಇದ್ದ ಜಾಗದಲ್ಲೇ ಇತ್ತು. ಒಪ್ಪಿಗೆಯಾದದ್ದನ್ನು ಮತ್ತೇನು ಓದುವುದೆಂದು ಅಚ್ಚಿಗೆ ಹಾಕಿದೆ.

ಹೆಗಡೆಯವರು ಬಂದು ಮೇಲಿನದೊಂದನ್ನು ಎತ್ತಿ, ಕನ್ನಡಕ ಹಾಕಿ, ತುಸು ಹೊತ್ತು ನೋಡಿದರು. "ಅಡ್ಡಿಲ್ಲೆ. ಚೊಲೊ ಬೈಂದು" ಎಂದು ಕಟ್ಟು ಹೆಗಲಿಗೇರಿಸಿ ಹೊರಟರು. ಅಂಚಿನ ಬಳ್ಳಿಯ ವಿನ್ಯಾಸವನ್ನು ಮೆಚ್ಚಿದರೆಂದು ನಾನು ಉಬ್ಬಿದೆ. ಮಾದರಿಗೆಂದು ಉಳಿಸಿದ ಒಂದನ್ನು ಗೋಡೆಗೆ ಅಂಟಿಸಲು ಹೋದಾಗ ಕಂಡಿತು. ಸುಖಾಗಮನ ಬಯಸುವವರು, ಮೊದಲ ಹೆಸರು, ಸುಬ್ರಾಯ ಹೆಗಡೆ, ಯಲ್ಲಾಪುರ.

ಬ್ಯಾಕಪ್ಪು ತೆಗೆದದ್ದು ಆ ಹೆಸರು ತೆಗೆಯುವುದಕ್ಕೂ ಮೊದಲು ಎಂಬುದು ಆಗ ಹೊಳೆಯಿತು. ಸವಿತಾಳಿಗೆ ಹೇಳಿದರೆ, "ಈಗಲೇ ಫೋನ್ ಮಾಡಿ ಹೇಳಿಬಿಡಿ" ಎಂದಳು. ಮಾಡಿದೆ. ಹೆಗಡೆಯವರ ಹೆಂಡತಿ ಎತ್ತಿದರು. "ಇವ್ರು ಹಂಚಲೆ ಯಲ್ಲಾಪುರದ ಬದಿಗೆ ಹೋಯ್ದ. ಎಂತ ಹೇಳಕಿತ್ತು?" ಎಂದರು. ಯಲ್ಲಾಪುರವೆಂದು ಕೇಳಿದ್ದೇ ನಾನು ಮಾತು ಬದಲಿಸಿದೆ. "ಎಂತ ಇಲ್ಲೆ, ಕಾರ್ಡು ಚೊಲೊ ಬೈಂದಾ ಹೇಳಿ ಕೇಳಲೆ ಮಾಡಿದ್ದೆ" ಎಂದು ಫೋನಿಟ್ಟೆ. ಬಾರದವನ ಹೆಸರು ಹೊತ್ತ ಕಾರ್ಡು ನೆಂಟರ ಮನೆಮನೆಗೆ ಹೋಗುತ್ತಿತ್ತು. ಸುಬ್ರಾಯ ನೋಡಿದರೆ ಕೇಳದೆ ಹೆಸರು ಹಾಕಿದರೆಂದು ಇನ್ನಷ್ಟು ಕೆರಳುತ್ತಾನೆ, ನೆಂಟರೆದುರು ಹೆಗಡೆಯವರ ಮರ್ಯಾದೆ ಹೋಗುತ್ತದೆ, ಮದುಮಗಳು ಅಳುತ್ತಾಳೆ. ಇಷ್ಟಕ್ಕೂ ಕಾರಣ, ರಕ್ಷಣೆಯಿಲ್ಲ ಎಂದ ಆ ಒಂದು ಕೆಂಪು ಸಾಲು. ಮದುವೆಯವರೆಗೂ ಅಂಗಡಿಯ ಮುಂದೆ ಬಿಳಿ ಪಂಚೆ ಕಂಡರೆ ಸಾಕು, ಹೆಗಡೆಯವರೇ ಬಂದರೆಂದು ನಾನು ಬಗ್ಗಿ ಮೋಡದ ಧೂಳು ಒರೆಸುತ್ತಿದ್ದೆ.

ಹೋಗದಿದ್ದರೆ ಅನುಮಾನ ಬರುತ್ತದೆಂದು ಮದುವೆಗೆ ಹೋದೆ. ಚಪ್ಪರದ ಬಾಗಿಲಲ್ಲಿ ಪನ್ನೀರು ಹಿಡಿದು ನಿಂತವನು ಸುಬ್ರಾಯ. ನನ್ನ ಕೈ ಹಿಡಿದು ಪಕ್ಕಕ್ಕೆಳೆದು, "ಅಣ್ಣ ಸಿಟ್ಟು ಬಿಟ್ಟು ಯನ್ನ ಹೆಸ್ರನ್ನೇ ಮೊದ್ಲು ಹಾಕ್ಸಿದ್ದ ಮಾರಾಯಾ. ಇನ್ನು ಬರದೇ ಇದ್ರೆ ಆಗ್ತಾ? ಅಡಿಗೆನೂ ಅಡ್ಡಿಲ್ಲೆ ಬಿಡು" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನನಗೆ ಸತ್ಯ ಹೇಳುವ ಧೈರ್ಯ ಬರಲಿಲ್ಲ. ಹೇಳುವ ಮನಸ್ಸೂ ಬರಲಿಲ್ಲ.

ಊಟದ ಪಂಕ್ತಿಯಲ್ಲಿ ಹೆಗಡೆಯವರೇ ಹೋಳಿಗೆ ಬಡಿಸುತ್ತ ಬಂದರು. ನನ್ನೆದುರು ಬಗ್ಗಿ, ಪಕ್ಕದವರಿಗೆ ಕೇಳದಂತೆ, "ಅವತ್ತು ಅಂಗಡಿಲೇ ನೋಡಿದ್ದೆ" ಎಂದರು.

ನಾನು ತಲೆ ಎತ್ತಿ ಅವರ ಮುಖ ನೋಡಿದೆ.

"ತೆಗಿ ಅಂದು ಮನೆಗೆ ಹೋದ ಮೇಲೆ ಯಂಗೆ ನಿದ್ದೆ ಬತ್ತಿತ್ತಿಲ್ಲೆ. ಮತ್ತೆ ಬಂದು ಹಾಕು ಹೇಳಲೆ ನಾಚಿಕೆ. ಕಾರ್ಡು ನೋಡಿದ್ರೆ ಹೆಸ್ರು ಅಲ್ಲೇ ಇದ್ದು. ತಗಂಡು ಹೋಗಿ ಅವನ ಅಂಗಡಿ ಮೇಜಿನ ಮೇಲೆ ಇಟ್ಟು, ಮಾತಾಡದೆ ಬಂದೆ." ಎಲೆಗೆ ಇನ್ನೊಂದು ಹೋಳಿಗೆ ಬಿತ್ತು. "ನಿನ್ನ ಅಪ್ಪನೂ ಹಾಂಗೇ, ತಿಳ್ದವ. ನೀನೂ ಬೇಕು ಹೇಳಿಯೇ ಹೆಸ್ರು ತೆಗೀದೆ ಬಿಟ್ಟಿದ್ದೆ, ಅಲ್ದಾ?"

ಎಷ್ಟೋ ವರ್ಷ ಒಂದೂ ತಪ್ಪಿಲ್ಲದೆ ಕರೆಯೋಲೆ ಅಚ್ಚು ಮಾಡಿದ್ದೇನೆ, ಯಾರೊಬ್ಬರೂ ನನ್ನನ್ನು ತಿಳಿದವನೆಂದು ಕರೆದಿರಲಿಲ್ಲ. ಎದುರು ಸಾಲಿನಲ್ಲಿ ಕೂತಿದ್ದ ಸವಿತಾ ಊಟ ನಿಲ್ಲಿಸಿ, ನಾನೇನು ಹೇಳುತ್ತೇನೆಂದು ನನ್ನನ್ನೇ ನೋಡುತ್ತಿದ್ದಳು. ನಾನು ಎಲೆಯ ಕಡೆ ತಲೆ ತಗ್ಗಿಸಿ, ತಿಳಿದವರು ನಗುವ ಹಾಗೆ ಸ್ವಲ್ಪವೇ ನಕ್ಕೆ.