ಲೈ, ಲೇ ಮತ್ತು ನನ್ನ ಹುಡುಗರು

ಗಣಿತ ಕಲಿಸುವವರ ಬಾಳು ಸುಖದ್ದು. ಎರಡಕ್ಕೆ ಎರಡು ಕೂಡಿಸಿದರೆ ಟಿಕೋಟಾದಲ್ಲೂ ನಾಲ್ಕು, ಬಬಲೇಶ್ವರದಲ್ಲೂ ನಾಲ್ಕು. ಇಂಗ್ಲಿಷ್ ಕಲಿಸುವ ನನಗೆ ಮಾತ್ರ ತಿಂಗಳಿಗೊಂದು ಫಜೀತಿ ತಪ್ಪಿದ್ದಲ್ಲ, ಅದರಲ್ಲೂ ಹೆಚ್ಚಿನವು ಎರಡೇ ಎರಡು ಕ್ರಿಯಾಪದಗಳಿಂದ ಆದವು. ಒಂದು ‘ಲೈ’, ಇನ್ನೊಂದು ‘ಲೇ’. ನೋಡಲು ಅಕ್ಕತಂಗಿಯರ ಹಾಗೆ ಇರುತ್ತವೆ, ಕೆಲಸ ಬೇರೆ ಬೇರೆ. ಲೈ ಅಂದರೆ ತಾನೇ ಮಲಗುವುದು. ಲೇ ಅಂದರೆ ಏನನ್ನಾದರೂ ಇಡುವುದು; ಕೋಳಿ ತತ್ತಿ ಇಡುವುದೂ ಅದರಲ್ಲೇ ಬಂತು. ಸಾಲದ್ದಕ್ಕೆ ಲೈ ಅಂದರೆ ಸುಳ್ಳು ಹೇಳುವುದು ಅಂತಲೂ ಅರ್ಥವಿದೆ. ಇವೆರಡನ್ನು ಹಿಡಿದುಕೊಂಡು ಇಪ್ಪತ್ತು ವರ್ಷ ಕಳೆದಿದ್ದೇನೆ. ನಗೆಪಾಟಲಾಗಿದ್ದೇನೆ, ಆದರೆ ಒಂದು ದಿನವೂ ಬೇಸರಪಟ್ಟಿಲ್ಲ.

೧. ಮೊದಲ ಪಾಠ

ನಾನು ಅರಕೇರಿಯ ಒಕ್ಕಲುತನದ ಮನೆಯವಳು. ನೌಕರಿ ಸಿಕ್ಕಿದ್ದು ಟಿಕೋಟಾ ಕಡೆಯ ಒಂದು ಹೈಸ್ಕೂಲಿನಲ್ಲಿ. ಸೇರಿದ ಮೊದಲ ವಾರವೇ ಹುಮ್ಮಸ್ಸಿನಿಂದ ಒಂಬತ್ತನೇ ಇಯತ್ತೆಗೆ ಈ ಪಾಠ ತೆಗೆದುಕೊಂಡೆ. ಬೋರ್ಡಿನ ಮೇಲೆ ಬರೆದು ಗಟ್ಟಿಯಾಗಿ ಹೇಳಿದೆ: “ಲೇ!”

ಹಿಂದಿನ ಬೆಂಚಿನ ಹುಡುಗನೊಬ್ಬ ದಡಬಡಿಸಿ ಎದ್ದು ನಿಂತ. “ನಾ ಏನೂ ಮಾಡಿಲ್ರೀ ಟೀಚರ!”

“ನಿನಗಲ್ಲೋ, ಕುಂದರು. ಇದು ಕ್ರಿಯಾಪದ. ಎಲ್ಲಾರೂ ನನ್ನ ಹಿಂದ ಹೇಳ್ರಿ. ಲೇ!”

ಹುಡುಗರಿಗೆ ಇಂಥ ಅವಕಾಶ ಜನ್ಮದಲ್ಲಿ ಸಿಕ್ಕಿರಲಿಲ್ಲ. ಐವತ್ತು ಜನ ಒಂದೇ ದನಿಯಲ್ಲಿ ನನ್ನ ಮುಖ ನೋಡಿ ಕೂಗಿದರು: “ಲೇ!”

“ಇನ್ನೊಮ್ಮೆ. ಲೇ!”

“ಲೇ!!”

ಬಾಗಿಲಲ್ಲಿ ಹೆಡ್‌ಮಾಸ್ತರರು ನಿಂತಿದ್ದರು. ಮುಖ ಬಿಳಿಚಿತ್ತು. ನನ್ನನ್ನು ಹೊರಗೆ ಕರೆದು ಮೆಲ್ಲಗೆ ಕೇಳಿದರು, “ಏನ್ ಟೀಚರ, ಬಂದು ಇನ್ನೂ ವಾರ ಆಗಿಲ್ಲ, ಇಷ್ಟ ಲಗೂ ಜಗಳಾ ಬಿತ್ತೇನು? ನೀವು ಅವರಿಗೆ ಲೇ ಅಂತೀರಿ, ಅವರು ತಿರುಗಿ ನಿಮಗ ಲೇ ಅನ್ನಾಕತ್ತಾರ!”

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

“ಇದರ ಭೂತಕಾಲ ಏನಾಗ್ತದ?”

“ಲೇಡ್ ಆಗ್ತದ್ರಿ ಸರ.”

“ಹಂಗಾರ ಒಂದ ಕೆಲಸ ಮಾಡ್ರಿ. ನಾಳಿಯಿಂದ ಭೂತಕಾಲ ಅಷ್ಟ ಕಲಸ್ರಿ.”

೨. ರಜೆಯ ಅರ್ಜಿ

ನಮ್ಮ ಗಣಿತದ ಮಾಸ್ತರರು ದಿನವೂ ನನ್ನ ಜೊತೆಗೇ ವಿಜಯಪುರದಿಂದ ಬಸ್ಸಿಗೆ ಬರುತ್ತಿದ್ದರು. ಒಂದು ದಿನ ಬಸ್ಸಿನ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದು ಬೆನ್ನು ಹಿಡಿದುಕೊಂಡಿತು. ಮೂರನೇ ದಿನ ಹೆಡ್‌ಮಾಸ್ತರರ ಮೊಬೈಲಿಗೆ ಅವರ ರಜೆಯ ಅರ್ಜಿ ಬಂತು. ಇಂಗ್ಲಿಷಿನಲ್ಲಿತ್ತು. ನನ್ನ ಎದುರು ತಮ್ಮ ಇಂಗ್ಲಿಷೂ ಕಡಿಮೆಯಿಲ್ಲ ಅಂತ ತೋರಿಸುವ ಆಸೆ ಅವರಿಗೆ ಮೊದಲಿನಿಂದ ಇತ್ತು.

ಹೆಡ್‌ಮಾಸ್ತರರು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಓದಿದರು: “ಐ ಆ್ಯಮ್ ಲೇಯಿಂಗ್ ಇನ್ ಬೆಡ್ ಸಿನ್ಸ್ ಟೂ ಡೇಸ್.” ಓದಿ ಕನ್ನಡಕದ ಮೇಲಿಂದ ನನ್ನ ಕಡೆ ನೋಡಿದರು. “ಟೀಚರ, ಇದು ನಿಮ್ಮ ಆ ಲೇ ಅಲ್ಲೇನು?”

ನಾನು ಹಿಂದೆಮುಂದೆ ನೋಡುತ್ತ ಹೇಳಿದೆ, “ಹೌದ್ರಿ ಸರ. ಎರಡು ದಿನದಿಂದ ಹಾಸಿಗ್ಯಾಗ ತತ್ತಿ ಇಡಾಕತ್ತೇನಿ ಅಂದಂಗ ಆಗ್ತದ್ರಿ.”

ಹೆಡ್‌ಮಾಸ್ತರರು ಅಲ್ಲೇ ಫೋನ್ ಹಚ್ಚಿದರು. “ಮಾಸ್ತರ, ರಜಾ ಮಂಜೂರ ಆತು. ಆರಾಮ ಆಗಿ ಬರ್ರಿ. ಬರೂಮುಂದ ಆ ಎರಡು ದಿನದ್ದು ಒಂದು ಟ್ರೇದಾಗ ಹಾಕ್ಕೊಂಡು ಬರ್ರಿ. ಬಿಸಿಯೂಟಕ್ಕ ತತ್ತಿ ಕಡಿಮಿ ಬಿದ್ದಾವ.”

ಮಾಸ್ತರರು ಇನ್ನು ನನ್ನ ಜೊತೆ ಮಾತು ಬಿಡುತ್ತಾರೆ ಅಂದುಕೊಂಡಿದ್ದೆ. ಐದನೇ ದಿನ ನನ್ನ ಪಿರಿಯಡ್ಡಿಗೆ ಹೋದರೆ ಕೊನೆಯ ಬೆಂಚಿನಲ್ಲಿ, ಹುಡುಗರ ನಡುವೆ, ನೋಟ್‌ಬುಕ್ಕು ಪೆನ್ನು ಹಿಡಿದು ಕೂತಿದ್ದಾರೆ! ಸರ್ವಿಸಿನಲ್ಲಿ ನನಗಿಂತ ಹನ್ನೆರಡು ವರ್ಷ ಹಿರಿಯರು. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

“ಸರ, ನೀವ್ಯಾಕ್ರಿ ಇಲ್ಲಿ?”

“ಬೆನ್ನು ನೆಟ್ಟಗಾತ್ರಿ ಟೀಚರ,” ಅಂದರು. “ಇನ್ನ ವಾಕ್ಯ ಒಂದು ನೆಟ್ಟಗಾಗೂದು ಬಾಕಿ ಐತಿ.”

೩. ಗುಮ್ಮಟದೊಳಗೆ

ಒಂದು ವರ್ಷ ಹುಡುಗರನ್ನು ಗೋಳಗುಮ್ಮಟ ನೋಡಲು ಕರೆತಂದಿದ್ದೆವು. ಆ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು. ಹೊಲದ ವಸ್ತಿಯಿಂದ ದಿನಾ ನಡೆದು ಶಾಲೆಗೆ ಬರುವವಳು. ವರ್ಷವಿಡೀ ನನ್ನ ಕ್ಲಾಸಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಬರೆದರೆ ಮುತ್ತು ಪೋಣಿಸಿದ ಹಾಗೆ, ಕೇಳಿದರೆ ಮಾತ್ರ ತಲೆ ತಗ್ಗಿಸುವಳು. ಈಕೆಗೆ ಕಲಿಸಿದ್ದು ಒಳಗೆ ಹೋಗಿದೆಯೋ ಇಲ್ಲವೋ ಅಂತ ನನಗೆ ತಿಳಿಯುತ್ತಲೇ ಇರಲಿಲ್ಲ.

ಗುಮ್ಮಟದ ಒಳಗೆ ಒಬ್ಬ ಗೈಡ್ ವಿದೇಶಿ ಮುದುಕ ಮುದುಕಿಗೆ ಗೋರಿಗಳನ್ನು ತೋರಿಸುತ್ತಿದ್ದ. ಕೈ ಎತ್ತಿ ಬಲು ಗತ್ತಿನಿಂದ ಹೇಳಿದ: “ಹಿಯರ್ ದಿ ಕಿಂಗ್ ಈಸ್ ಲೇಯಿಂಗ್!”

ನನ್ನ ಪಕ್ಕದಿಂದ ಒಂದು ಸಣ್ಣ ದನಿ ಬಂತು. “ಲೈಯಿಂಗ್ ರೀ ಕಾಕಾ.”

ಸಣ್ಣ ದನಿ ಹೌದು, ಆದರೆ ಆ ಗುಮ್ಮಟದೊಳಗೆ ಪಿಸುಮಾತೂ ಮೆರವಣಿಗೆ ಹೊರಡುತ್ತದೆ. ಎಲ್ಲರೂ ತಿರುಗಿ ನೋಡಿದರು. ಗೈಡ್ ಹುಬ್ಬು ಗಂಟಿಕ್ಕಿದ. “ಏನಂದಿ ಯವ್ವಾ?”

ಹುಡುಗಿ ಬೆವರಿದಳು. ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಉಸಿರೆಳೆದುಕೊಂಡು, ಹೊರಗಿನವರ ಎದುರು ತನ್ನ ಬಾಳಿನ ಮೊದಲ ಇಂಗ್ಲಿಷ್ ಮಾತು ಆಡಿದಳು: “ಹೆನ್ ಲೇಸ್. ಕಿಂಗ್ ಲೈಸ್.”

ವಿದೇಶಿ ಮುದುಕ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಬಾಗಿ ಅವಳ ಕೈ ಕುಲುಕಿ, ತಾನು ಹುಟ್ಟಿದಾಗಿನಿಂದ ಇಂಗ್ಲಿಷನ್ನೇ ಆಡುತ್ತಿದ್ದರೂ ಇವೆರಡರಲ್ಲಿ ಈಗಲೂ ಎಡವುತ್ತೇನೆ ಅಂದ. ಆ ಮಾತನ್ನು ನಾನು ಹುಡುಗರಿಗೆ ಕನ್ನಡದಲ್ಲಿ ಹೇಳಬೇಕಿತ್ತು. ಒಮ್ಮೆ ಸಾಲದೆ ಎರಡು ಸಲ ಹೇಳಿದೆ.

ಗೈಡ್ ನನ್ನ ಹತ್ತಿರ ಬಂದು ಅರ್ಥ ಕೇಳಿ ತಿಳಿದುಕೊಂಡ. ಆಮೇಲೆ ಗೋರಿಯ ಕಡೆ ತಿರುಗಿ ಕೈ ಮುಗಿದು ಹೇಳಿದ, “ಯಪ್ಪಾ, ಹದಿನೆಂಟು ವರ್ಷ ಆತ್ರಿ ಟೀಚರ, ಅಂಥಾ ಅರಸನ ಕೈಲೆ ದಿನಾ ತತ್ತಿ ಇಡಸೇನಿ. ಒಬ್ಬರರ ಹೇಳಬಾರದೇನ್ರಿ!”

೪. ಅಡಿಗಲ್ಲು

ಆಮೇಲೆ ನನಗೆ ಬಬಲೇಶ್ವರದ ಕಡೆಗೆ ವರ್ಗವಾಯಿತು. ಅಲ್ಲಿನ ಶಾಲೆಗೆ ಎರಡು ಹೊಸ ಕೋಣೆ ಮಂಜೂರಾದವು. ಅಡಿಗಲ್ಲು ಇಡಲು ಊರ ಹಿರಿಯ ರಾಜಕಾರಣಿಯೊಬ್ಬರು ಒಪ್ಪಿಕೊಂಡರು. ಹೆಸರಿನ ಕಲ್ಲು ಮಾಡಿಸುವ ಕೆಲಸ ನನಗೆ ಬಂತು.

ನಾನು ಖುಷಿಯಿಂದ ಒಪ್ಪಿಕೊಂಡೆ. ಟಿಕೋಟಾ ಕಡೆಯ ಶಾಲೆಯ ನನ್ನ ಮೊದಲ ಬ್ಯಾಚಿನ ಹುಡುಗನೊಬ್ಬ ವಿಜಯಪುರದಲ್ಲಿ ಗೋಳಗುಮ್ಮಟದ ಹತ್ತಿರ ಕಲ್ಲು ಕೆತ್ತುವ ಅಂಗಡಿ ಇಟ್ಟಿದ್ದ. ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾಗಿ ಮೂರನೇ ಸಲ ಹಟ ಹಿಡಿದು ಪಾಸಾದವನು. ಚೀಟಿಯಲ್ಲಿ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಬರೆದುಕೊಟ್ಟೆ: ‘ಫೌಂಡೇಶನ್ ಸ್ಟೋನ್ ಲೇಡ್ ಬೈ’, ಅಂದರೆ ಅಡಿಗಲ್ಲು ಇಟ್ಟವರು, ಅದರ ಮುಂದೆ ಹಿರಿಯರ ಹೆಸರು. ಅವನು ಚೀಟಿಯನ್ನು ಕಣ್ಣಿಗೆ ಒತ್ತಿಕೊಂಡ.

ಸಮಾರಂಭದ ದಿನ ಅವನೇ ಕಲ್ಲು ತಂದು ನಿಲ್ಲಿಸಿ ಪರದೆ ಹೊದಿಸಿದ. ಹಿರಿಯರು ಬಂದರು. ಊರವರು ಹಲಗೆ ವಾದ್ಯ ಬಾರಿಸಿದರು, ಅವರಿಗೆ ಹಾರ ಹಾಕಿದರು. ಪರದೆ ಸರಿಯಿತು. ಚಪ್ಪಾಳೆ ಬಿತ್ತು. ನಾನೂ ತಟ್ಟುತ್ತ ಕಣ್ಣು ಕೆಳಗಿನ ಸಾಲಿಗೆ ಇಳಿಸಿದೆ, ಅಲ್ಲಿಗೇ ಕೈ ನಿಂತವು.

ಕಲ್ಲಿನ ಮೇಲೆ ಬಂಗಾರದ ಅಕ್ಷರಗಳಲ್ಲಿ ಇತ್ತು: ‘ಫೌಂಡೇಶನ್ ಸ್ಟೋನ್ ಲೈಡ್ ಬೈ’. ಸುಳ್ಳು ಹೇಳಿದವರು ಇಂಥವರು, ಅಂತ ಹಿರಿಯರ ಪೂರ್ತಿ ಹೆಸರು!

ಹುಡುಗನನ್ನು ಮೂಲೆಗೆ ಕರೆದೆ. “ಏನೋ ಇದು? ನಾ ಲೇಡ್ ಅಂತ ಬರದಿದ್ನಲ್ಲೋ!”

ಅವನ ಮುಖ ಅರಳಿತು. “ಹೌದ್ರಿ ಟೀಚರ, ಚೀಟ್ಯಾಗ ನೀವ ತಪ್ಪು ಬರದಿದ್ರಿ. ಮಂದಿ ಮುಂದ ನಿಮ್ಮ ಮರ್ಯಾದಿ ಹೋಗಬಾರದು ಅಂತ ನಾ ತಿದ್ದೇನಿ. ಲೇ ಅಂದ್ರ ಕೋಳಿಗೆ, ಲೈ ಅಂದ್ರ ಮನಶ್ಯಾಗ. ನೀವ ಕಲಿಸಿದ್ದಲ್ರೀ? ಇಷ್ಟ ವರ್ಷ ಆದ್ರೂ ಮರತಿಲ್ಲ ನಾ.”

ಬೈಯಲು ಮನಸ್ಸಾಗಲಿಲ್ಲ. ಅರ್ಧವೇ ನೆನಪಿದ್ದರೂ ನನ್ನ ಪಾಠವನ್ನು ಇಷ್ಟು ವರ್ಷ ಕಾಪಾಡಿಕೊಂಡಿದ್ದ. ಟೀಚರೇ ತಪ್ಪಿದರೂ ತಿದ್ದುವ ಧೈರ್ಯ ಅವನಲ್ಲಿತ್ತು. ಅಂಥ ಹೊತ್ತಿನಲ್ಲೂ ನನ್ನೊಳಗೆ ಹೆಮ್ಮೆ ಉಕ್ಕಿತು ಅಂದರೆ ನಂಬುತ್ತೀರಾ?

ಅಷ್ಟರಲ್ಲಿ ಹಿರಿಯರು ನಮ್ಮತ್ತ ಬಂದೇಬಿಟ್ಟರು. “ಏನಾತ್ರಿ ಟೀಚರ, ಯಾಕ ಬೆವರೀರಿ?”

ಮುಚ್ಚಿಡುವ ದಾರಿ ಇರಲಿಲ್ಲ. ತಪ್ಪು ನನ್ನದು, ಕಲ್ಲು ಮೊದಲೇ ನೋಡಬೇಕಿತ್ತು ಅಂತ ಹೇಳಿ, ಅಕ್ಷರ ಅಕ್ಷರದ ಅರ್ಥ ಬಿಡಿಸಿಟ್ಟೆ. ಹುಡುಗನ ಮುಖ ಬಾಡಿತು. ಅವನು ಕೈ ಜೋಡಿಸಿದ. “ತಪ್ಪಾತ್ರಿ ಸಾಹೇಬ್ರ. ನಾಳಿ ಮುಂಜಾನೆ ಹೊತ್ತು ಹೊಂಡೂದ್ರಾಗ ಹೊಸಾ ಕಲ್ಲು ತಂದು ನಿಲ್ಲಸತೇನಿ.”

ಹಿರಿಯರು ಕಲ್ಲಿನ ಹತ್ತಿರ ಹೋಗಿ ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. ಅವರು ತಿರುಗಿ ಹುಡುಗನ ಹೆಗಲ ಮೇಲೆ ಕೈಯಿಟ್ಟರು.

“ಅವಸರ ಮಾಡಬ್ಯಾಡ ತಮ್ಮಾ. ಮೂವತ್ತು ವರ್ಷ ರಾಜಕಾರಣ ಮಾಡೇನಿ, ನನ್ನ ಬಗ್ಗೆ ಖರೇ ಮಾತು ಕಲ್ಲಿನ್ಯಾಗ ಕೆತ್ತಿದಾಂವ ನೀ ಒಬ್ಬನ. ನಾಕು ದಿನ ಇರಲಿ ಬಿಡು.”